ಶೀಟಿನ ಮೇಲೆ ಕಲ್ಲು ಹೇರಿದ ವರ್ಷ

ಮೊನ್ನೆ ಶಿರಾ ಬಸ್ ಸ್ಟ್ಯಾಂಡಿನಲ್ಲಿ ತಾವರೆಕೆರೆ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಒಂದು ಲಗೇಜ್ ಆಟೋ ಬಂದು ನನ್ನ ಮೂಗಿನ ಮುಂದೆಯೇ ನಿಂತಿತು. ತುಂಬ ಹೊಸ ಹುಣಸೆಹಣ್ಣಿನ ಮೂಟೆಗಳು. ಬಿಸಿಲಿಗೆ ಕಾದು ಘಮ್ಮೆನ್ನುತ್ತಿದ್ದವು. ಪಕ್ಕದಲ್ಲಿ ಕೂತಿದ್ದ ಹೆಂಗಸು ಬಾಯಿ ಚಪ್ಪರಿಸಿ, "ಏನ್ ಘಮ ಬತ್ತೈತೆ ನೋಡಮ್ಮ, ಬಾಯೆಲ್ಲ ನೀರಾಯ್ತು" ಅಂದಳು. ನಾನು ಹೂಂ ಅಂದೆ. ನನ್ನ ಬಾಯಲ್ಲಿ ಏನೂ ಆಗಲಿಲ್ಲ. ಏಳು ವರ್ಷದಿಂದ ಆ ವಾಸನೆ ಬಂದರೆ ಮೈಯೊಳಗೆ ಯಾರೋ ಸ್ವಿಚ್ಚು ಆರಿಸಿದ ಹಾಗೆ ಆಗುತ್ತದೆ. ದುಃಖ ಅಂತಲೂ ಅಲ್ಲ. ದುಃಖವಾದರೂ ಆಗಿದ್ದರೆ ಚೆನ್ನಾಗಿತ್ತು.

ನಮ್ಮೂರು ಮಿಡಿಗೇಶಿಯಿಂದ ಒಳಕ್ಕೆ. ಬಸ್ಸಿಳಿದು ನಡೆಯಬೇಕು. ಕುರಿ ಸಾಕಿಕೊಂಡು, ಮಳೆ ಬಂದರೆ ರಾಗಿ, ಕಡಲೆಕಾಯಿ ಹಾಕಿಕೊಂಡು ಇರುವ ಜನ ನಾವು. ನಾನು ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಹೆಸರು ಜಯಮ್ಮ. ಊರವರು ನನ್ನ ಬೆನ್ನ ಹಿಂದೆ ಬಾಯಿಜೋರು ಜಯಮ್ಮ ಅನ್ನುತ್ತಾರೆ. ಎದುರಿಗೇ ಅನ್ನುತ್ತಿದ್ದವಳು ಚಿಕ್ಕತಾಯಿ ಒಬ್ಬಳೇ. ಅವಳು ನನ್ನ ಓರಗಿತ್ತಿ, ಮೈದುನ ಈರಣ್ಣನ ಹೆಂಡತಿ. ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರಿನವಳು. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಕನ್ನಡ ಕೇಳಿ ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೇವೆ. ಅವಳೂ ನಗುತ್ತಿದ್ದಳು, ಆಮೇಲೆ ನನ್ನ ತೆಲುಗು ಕೇಳಿ ಅದರ ಎರಡರಷ್ಟು ನಗುತ್ತಿದ್ದಳು. ಒಲೆ ಎರಡು, ಅಂಗಳ ಒಂದು. ಹದಿನೆಂಟು ವರ್ಷ ಹಾಗೆ ಬಾಳಿದೆವು.

ಬೇಸಿಗೆ ಬಂದರೆ ನಮ್ಮ ಗಂಡಸರು ಕುರಿ ಹೊಡೆದುಕೊಂಡು ಶಿರಾ ಕಡೆಯ ಹೊಲಗಳಲ್ಲಿ ಮಂದೆ ಹಾಕಲು ಹೋಗುತ್ತಾರೆ. ಹಗಲೆಲ್ಲ ಮೇಯಿಸಿ ರಾತ್ರಿ ಯಾರದಾದರೂ ಹೊಲದಲ್ಲಿ ಕುರಿ ಕೂಡಿದರೆ ಹೊಲಕ್ಕೆ ಗೊಬ್ಬರ, ಇವರಿಗೆ ಕಾಳು ಕಡಿ. ಯುಗಾದಿ ಮುಗಿಸಿ ಹೋದರೆ ಮಳೆ ಹಿಡಿಯುವ ತನಕ ಊರ ಕಡೆ ತಲೆ ಹಾಕುವುದಿಲ್ಲ. ಆಗ ಊರು ನಮ್ಮದು, ಹೆಂಗಸರದು. ಹುಣಸೆಹಣ್ಣು ಬಿಡಿಸುವ ಕಾಲವೂ ಅದೇ. ಮಧುಗಿರಿಯ ವ್ಯಾಪಾರಿಯೊಬ್ಬರು ಮೂಟೆ ತಂದು ಇಳಿಸಿ ಹೋಗುತ್ತಿದ್ದರು. ನಾವು ಕೂತು ಸಿಪ್ಪೆ ಸುಲಿದು, ನಾರು ಎಳೆದು, ಚಿಕ್ಕ ಸುತ್ತಿಗೆಯಲ್ಲಿ ಕುಟ್ಟಿ ಬೀಜ ತೆಗೆಯಬೇಕು. ಬೆಳಗಿನಿಂದ ಸಂಜೆವರೆಗೆ ಟಕಟಕ ಸದ್ದು, ಅದರ ಮೇಲೆ ನಮ್ಮ ಬಾಯಿ. ಯಾರ ಮನೆಯ ವಿಷಯವೂ ಉಳಿಯುತ್ತಿರಲಿಲ್ಲ.

ಆ ವರ್ಷ ಮನೆಯ ಗೋಡೆಗೆ ಆನಿಸಿ ಹೊಸದಾಗಿ ಶೀಟಿನ ಚಾವಡಿ ಹಾಕಿಸಿದ್ದೆವು. ಮೂರು ಕಡೆ ಇಟ್ಟಿಗೆ ಗೋಡೆ, ಒಂದು ಬಾಗಿಲು. ಮೇಲೆ ಪೈಪು, ಪೈಪಿನ ಮೇಲೆ ಶೀಟು. ಮೇಸ್ತ್ರಿ ಮೂಲೆಗೊಂದು ಬೋಲ್ಟು ಬಿಗಿದು, "ಮಿಕ್ಕಿದ್ದು ನಾಳೆ ಬಂದು ಹಾಕ್ತೀನಿ ಕಣಮ್ಮ" ಅಂದು ಹೋದವನು ಹೋದನೇ. ಫೋನು ಮಾಡಿದರೆ ನಾಳೆ, ಮತ್ತೆ ಮಾಡಿದರೆ ನಾಡಿದ್ದು. ನನಗೆ ತಡೆಯುವ ಬುದ್ಧಿಯಿಲ್ಲ. ಕಲ್ಲು ಹೇರಿದರಾಯಿತು ಅಂದೆ.

ನಮ್ಮ ಕಡೆ ಅದೇನು ವಿಶೇಷವಲ್ಲ. ಮಧುಗಿರಿಯಿಂದ ಪಾವಗಡದವರೆಗೆ ಬಸ್ಸಿನ ಕಿಟಕಿಯಲ್ಲಿ ನೋಡುತ್ತಾ ಹೋಗಿ, ಶೀಟಿನ ಮನೆ ಅಂದರೆ ಮೇಲೆ ಸಾಲಾಗಿ ಕಲ್ಲು ಇದ್ದೇ ಇರುತ್ತದೆ. ಬೆಟ್ಟದ ಬುಡದ ಊರುಗಳಿಗೆ ಕಲ್ಲಿಗೇನು ಬರ. ನಾನು ಏಣಿ ಹತ್ತಿದೆ, ಚಿಕ್ಕತಾಯಿ ಕೆಳಗಿನಿಂದ ಎತ್ತಿ ಎತ್ತಿ ಕೊಟ್ಟಳು. ಸಣ್ಣವಲ್ಲ, ಕಟ್ಟಡಕ್ಕೆ ಬಳಸುವ ಸೈಜುಗಲ್ಲು. ಒಬ್ಬರೇ ಎತ್ತಲು ಕಷ್ಟ. ಅವಳು ಏದುಸಿರು ಬಿಡುತ್ತಾ, "ಸಾಕು ಬುಡಕ್ಕ, ಇಷ್ಟು ಹೇರಿದ್ ಮ್ಯಾಲೆ ಗಾಳಿ ಇರ್ಲಿ, ನಿನ್ನ ಬಾಯಿಗೂ ಹಾರಲ್ಲ ಈ ಶೀಟು" ಅಂದಳು. ನಾನು ಮೇಲಿನಿಂದಲೇ, "ಕೊಡೇ ಕಂಡಿದೀನಿ, ಇನ್ನೆರಡು ಕೊಡು" ಅಂದೆ. ಕೊಟ್ಟಳು.

ಅಶ್ವಿನಿ ಮಳೆಯಲ್ಲಿ ಒಂದು ಗಾಳಿ ಬಂತು. ಹನಿ ಬೀಳಲಿಲ್ಲ, ಬರೀ ಗಾಳಿ. ಹಿಂದಿನ ಬೀದಿಯಲ್ಲಿ ಒಂದು ಮನೆಯ ಶೀಟು ಎದ್ದು ಬೇಲಿಯ ಮೇಲೆ ಬಿತ್ತು. ನಮ್ಮ ಚಾವಡಿ ಅಲ್ಲಾಡಲಿಲ್ಲ. ಮಾರನೆಯ ದಿನ ಕೆಲಸಕ್ಕೆ ಬಂದವರ ಮುಂದೆ ನಾನು ಜಂಬ ಕೊಚ್ಚಿಕೊಂಡೆ. "ನೋಡ್ರೇ, ನಾನು ಹೇರಿರೋ ಕಲ್ಲು. ಮೇಸ್ತ್ರಿಗಿಂತ ನಾನೇ ವಾಸಿ." ಪಕ್ಕದ ಮನೆಯ ದ್ಯಾವಮ್ಮ, ವಯಸ್ಸಾದ ಹೆಂಗಸು, "ಅಂಗೆಲ್ಲ ಬಾಯಿಬುಡಬ್ಯಾಡ ಕಣೆ ಜಯಾ, ಗಾಳಿಗೆ ಕಿವಿ ಐತೆ" ಅಂದಿತು. ನಾನು ನಕ್ಕೆ. ಎಲ್ಲರೂ ನಕ್ಕರು.

ಚಿಕ್ಕತಾಯಿಯ ಮಗಳು ವೇಣಿ ಆ ವರ್ಷ ಎಸ್ಸೆಸ್ಸೆಲ್ಸಿ ಬರೆದಿದ್ದಳು. ಒಬ್ಬಳೇ ಮಗಳು. ಪರೀಕ್ಷೆ ಮುಗಿದ ಮೇಲೆ ಪಾವಗಡದ ಕಡೆ ಅಜ್ಜಿ ಮನೆಗೆ ಹೋಗಿದ್ದಳು. ಚಿಕ್ಕತಾಯಿ ಹಣ್ಣು ಕುಟ್ಟುತ್ತಲೇ ದಿನಕ್ಕೆ ನಾಲ್ಕು ಸಲ ಫೋನು ಮಾಡಿ, ಏನು ತಿಂದೆ, ಏನು ಮಾಡಿದೆ ಅಂತ ಕೇಳುತ್ತಿದ್ದಳು. ಅದು ನಡೆದ ದಿನ ಮಧ್ಯಾಹ್ನವೂ ಮಾಡಿದ್ದಳು. ನೆಟ್‌ವರ್ಕ್ ಇರಲಿಲ್ಲ.

ಭರಣಿ ಮಳೆ ಹುಟ್ಟಿ ಎರಡು ಮೂರು ದಿನವಾಗಿತ್ತು. ಹೊತ್ತು ಇಳಿಯುವ ಸಮಯ. ಚಾವಡಿಯೊಳಗೆ ಐದು ಜನ ಕೂತಿದ್ದೆವು. ಸೆಕೆ ಅಂದರೆ ಸೆಕೆ, ರವಿಕೆ ಬೆನ್ನಿಗೆ ಅಂಟಿತ್ತು. ಇದ್ದಕ್ಕಿದ್ದಂತೆ ಗಾಳಿಯೇ ನಿಂತು ಹೋಯಿತು. ಹೊರಗೆ ನೋಡಿದರೆ ಮಿಡಿಗೇಶಿ ಬೆಟ್ಟ ಕಾಣುತ್ತಿಲ್ಲ. ಬೆಟ್ಟ ಇರುವ ಕಡೆ ಕೆಮ್ಮಣ್ಣಿನ ಗೋಡೆ ಎದ್ದ ಹಾಗೆ ಧೂಳು, ನೆಲದಿಂದ ಮುಗಿಲಿನ ತನಕ, ಅದರ ತುದಿ ಗಿರಗಿರ ತಿರುಗುತ್ತಿದೆ. ಸುಂಟರಗಾಳಿ ನಾವು ನೋಡದ್ದೇನಲ್ಲ, ಬೇಸಿಗೆಯಲ್ಲಿ ಹೊಲದಲ್ಲಿ ಎಲೆ ಕಸ ಎತ್ತಿಕೊಂಡು ಆಡುತ್ತಿರುತ್ತದೆ, ಮಕ್ಕಳು ಅದರೊಳಗೆ ನುಗ್ಗಿ ಕುಣಿಯುತ್ತಾರೆ. ಇದು ಅದಲ್ಲ. ಇದಕ್ಕೆ ಸದ್ದು ಇತ್ತು.

ಅಂಗಳದಲ್ಲಿ ಒಣಗಲು ಹರವಿದ್ದ ಹಣ್ಣನ್ನು ಸೀರೆಯ ಸೆರಗಿಗೆ, ಕುಕ್ಕೆಗೆ, ಸಿಕ್ಕಿದ್ದಕ್ಕೆ ತುಂಬಿಕೊಂಡು ಒಳಗೆ ತಂದು ಸುರಿದೆವು. ನೀರು ಬಿದ್ದರೆ ಹಣ್ಣು ಕಪ್ಪಾಗಿ ಕೆಟ್ಟೇ ಹೋಗುತ್ತದೆ. ಆಗ ಚಿಕ್ಕತಾಯಿ ನನ್ನ ತೋಳು ಹಿಡಿದುಕೊಂಡಳು. ತನ್ನ ತೆಲುಗಿನಲ್ಲಿ ಅಂದಳು, ಇಲ್ಲಿ ಬೇಡ, ಸ್ಕೂಲಿಗೆ ಹೋಗೋಣ ಅಂತ. ಶಾಲೆ ನಮ್ಮ ಮನೆಯಿಂದ ಕೂಗಳತೆ ದೂರ. ಮೋಲ್ಡು ಹಾಕಿದ ಗಟ್ಟಿ ಕಟ್ಟಡ. ಬೇಸಿಗೆ ರಜೆ, ಬೀಗದಕೈ ನನ್ನ ಸೊಂಟದಲ್ಲಿ. ಹೆಡ್ ಮಾಸ್ಟರು ಊರಿಗೆ ಹೋಗುವಾಗ ಯಾರಿಗೂ ಬಾಗಿಲು ತೆಗೆಯಬೇಡಿ ಅಂದಿದ್ದರು, ನಿಜ. ಆದರೆ ನಾನು ಹೋಗದೇ ಇದ್ದದ್ದು ಅದಕ್ಕಲ್ಲ. ಸುಳ್ಳು ಹೇಳಿ ಪ್ರಯೋಜನವಿಲ್ಲ. ನಾನು ಹೇರಿದ ಕಲ್ಲು, ನನ್ನ ಚಾವಡಿ, ಮೊನ್ನೆ ತಾನೇ ಜಂಬ ಕೊಚ್ಚಿದ್ದೇನೆ, ಈಗ ಎಲ್ಲರ ಮುಂದೆ ಬಿಟ್ಟು ಓಡುವುದೇ? "ಸುಮ್ಕೆ ಕೂತ್ಕಳೇ, ಇಷ್ಟು ಕಲ್ಲು ಐತೆ, ಏನೂ ಆಗಲ್ಲ" ಅಂದೆ. ಅವಳು ಇನ್ನೊಂದು ಸಲ ಅಂದಳು. ನಾನು ಬಾಗಿಲು ಹಾಕಿ ಅಗುಳಿ ಜಡಿದೆ.

ಅವಳಿಗೆ ಬೇಕಿದ್ದರೆ ಒಬ್ಬಳೇ ಓಡಬಹುದಿತ್ತು. ಓಡಲಿಲ್ಲ. ಬೀಗದಕೈ ನನ್ನ ಹತ್ತಿರ ಇತ್ತಲ್ಲ.

ಮೊದಲು ಶೀಟು ಉಸಿರಾಡಿತು. ಎದ್ದಿತು, ಕೂತಿತು. ಮತ್ತೆ ಎದ್ದಿತು. ಗೋಡೆಗೂ ಶೀಟಿಗೂ ನಡುವೆ ಇದ್ದ ಸಂದಿಯಿಂದ ಗಾಳಿ ಒಳಗೆ ನುಗ್ಗಿ, ಕೆಳಗಿನಿಂದ ಎತ್ತುತ್ತಿತ್ತು. ಮೇಲಿನಿಂದ ಬೀಸುವ ಗಾಳಿಗೆ ನಾನು ಕಲ್ಲು ಇಟ್ಟಿದ್ದೆ, ಕೆಳಗಿನಿಂದ ಎತ್ತುವ ಗಾಳಿ ನನ್ನ ತಲೆಗೇ ಹೊಳೆದಿರಲಿಲ್ಲ. ಎರಡು ಬೋಲ್ಟು ಪಟಪಟ ಕಿತ್ತು ಬಂದವು. ಶೀಟು ಒಂದು ಪಕ್ಕ ಎದ್ದು ನಿಂತು, ಕಲ್ಲೆಲ್ಲ ಜಾರಿಕೊಂಡು ಒಳಗೆ ಬಂದವು. ಅಷ್ಟೇ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಆಮೇಲೆ ಆಕಾಶ ಕಂಡಿತು, ಆಲಿಕಲ್ಲು ಬೀಳತೊಡಗಿತು. ನಾಲ್ಕು ಜನ ಎದ್ದು ನಿಂತೆವು. ದ್ಯಾವಮ್ಮನ ಹಣೆಯಲ್ಲಿ ರಕ್ತ. ಚಿಕ್ಕತಾಯಿ ಹುಣಸೆಹಣ್ಣಿನ ರಾಶಿಯ ಮೇಲೆ ಒರಗಿದ್ದಳು. ಕಲ್ಲು ಪಕ್ಕದಲ್ಲೇ ಬಿದ್ದಿತ್ತು. ಯಾವ ಕಲ್ಲು ಅಂತ ನನಗೆ ಗೊತ್ತಾಯಿತು. ಕೊನೆಗೆ ಕೇಳಿ ತೆಗೆದುಕೊಂಡ ಎರಡರಲ್ಲಿ ಒಂದು.

ದಾರಿಯಲ್ಲಿ ಮರ ಬಿದ್ದು ಆಂಬುಲೆನ್ಸು ಊರೊಳಗೆ ಬರಲಾಗಲಿಲ್ಲ. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಟಾರ್ ರಸ್ತೆಯ ತನಕ ಹೋದೆವು. ಮಧುಗಿರಿಯಲ್ಲಿ ನೋಡಿ, ತುಮಕೂರಿಗೆ ಕರೆದುಕೊಂಡು ಹೋಗಿ ಅಂದರು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಉಸಿರಿತ್ತು, ಮಾತಿರಲಿಲ್ಲ. ನಾನು ಅವಳ ಸೀರೆಗೆ ಅಂಟಿದ್ದ ಹುಣಸೆಬೀಜಗಳನ್ನು ಒಂದೊಂದಾಗಿ ಬಿಡಿಸುತ್ತಾ ಕೂತೆ. ಬೇರೇನು ಮಾಡಬೇಕೋ ಗೊತ್ತಾಗಲಿಲ್ಲ. ಕೊರಟಗೆರೆ ದಾಟುವಾಗ ಆಂಬುಲೆನ್ಸಿನ ಹುಡುಗಿ ನನ್ನ ಕೈಯನ್ನು ಮೆಲ್ಲಗೆ ಹಿಡಿದು, "ಬುಡಿ ಅಮ್ಮಾ" ಅಂದಳು. ಬಿಟ್ಟೆ.

ನನಗೆ ಅಳು ಬರಲಿಲ್ಲ. ಬರಬೇಕಿತ್ತು ಅಂತ ಗೊತ್ತಿತ್ತು. ಮಾರನೆಯ ದಿನ ಗಂಡಸರು ಕುರಿ ಬಿಟ್ಟು ಓಡಿ ಬಂದರು, ಈರಣ್ಣ ಅಂಗಳದಲ್ಲಿ ಬಿದ್ದು ಹೊರಳಾಡಿದ, ನನ್ನ ಗಂಡ ಗೋಡೆಗೆ ತಲೆ ಕೊಟ್ಟು ಅತ್ತರು. ನಾನು ಬಂದವರಿಗೆ ಕಾಫಿ ಕಾಸಿದೆ. ಅಕ್ಕ ತಂಗಿ ಹಾಗಿದ್ದವರು, ಜಯಮ್ಮ ಕಲ್ಲಾಗಿಬಿಟ್ಟಳು ಅಂತ ಹೆಂಗಸರು ಮಾತಾಡಿಕೊಂಡರು. ತಾಲ್ಲೂಕು ಆಫೀಸಿನಿಂದ ಬಂದವರು ಗಾಳಿಮಳೆಗೆ ಚಾವಣಿ ಕುಸಿದು ಸಾವು ಅಂತ ಬರೆದುಕೊಂಡು ಈರಣ್ಣನ ಸಹಿ ಹಾಕಿಸಿಕೊಂಡರು. ಕಲ್ಲು ಯಾರು ಇಟ್ಟದ್ದು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಹೇಳುತ್ತಿದ್ದೆ ಅಂತ ಅಂದುಕೊಂಡಿದ್ದೇನೆ.

ಹನ್ನೊಂದನೆಯ ದಿನ, ಬಂದ ನೆಂಟರೆಲ್ಲ ಊಟ ಮಾಡಿ ಹೋದ ಮೇಲೆ, ನಾನು ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ವೇಣಿ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಹದಿನಾರು ತುಂಬಿರಲಿಲ್ಲ. ಕಣ್ಣೆಲ್ಲ ಊದಿತ್ತು. ಒಂದು ಸೌಟು ತೆಗೆದುಕೊಂಡು ತಾನೂ ತಿಕ್ಕಲು ಶುರು ಮಾಡಿದಳು.

"ದೊಡ್ಡಮ್ಮ."

"ಏನವ್ವ?"

"ಅವ್ವ ಅವತ್ತು ಸ್ಕೂಲಿಗೋಗಣ ಅಂದಿದ್ಲಂತಾ?"

ನಾನು ತಿಕ್ಕುತ್ತಲೇ ಇದ್ದೆ. ಅವಳೂ ತಿಕ್ಕುತ್ತಿದ್ದಳು.

"ಇಲ್ಲ ಕಣವ್ವ," ಅಂದೆ. "ಏನೂ ಅನ್ನಲಿಲ್ಲ."

ಅವಳು ಸೌಟನ್ನು ನೀರಿನಲ್ಲಿ ಅದ್ದಿ ತೊಳೆದು, ಬೋರಲು ಹಾಕಿ ಎದ್ದು ಹೋದಳು.

ಕೆಲವು ದಿನಕ್ಕೆ ರಿಸಲ್ಟು ಬಂತು, ಪಾಸಾಗಿದ್ದಳು. ಮಧುಗಿರಿಯಲ್ಲಿ ಕಾಲೇಜಿಗೆ ಸೇರಿ ಹಾಸ್ಟೆಲಿನಲ್ಲಿ ಇರುತ್ತೇನೆ ಅಂದಳು. ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗುವ ಹುಡುಗಿಯರು ಬೇಕಾದಷ್ಟಿದ್ದರು. ಈರಣ್ಣ ಬೇಡ ಅಂದ, ನಾನೇ ಮುಂದೆ ನಿಂತು, "ಓದೋ ಹುಡುಗಿ, ಕಳ್ಸಪ್ಪ" ಅಂದೆ. ಟ್ರಂಕು ಹೊತ್ತು ಬಸ್ಸಿಗೆ ಬಿಟ್ಟು ಬಂದವಳೂ ನಾನೇ. ಹಬ್ಬಕ್ಕೆ ಬಂದರೆ ಒಂದು ದಿನ ಇದ್ದು ಹೋಗುತ್ತಿದ್ದಳು. ಬಂದ ನೆಂಟರ ಹಾಗೆ ಬೆಂಚಿನ ಮೇಲೆ ಕೂರುತ್ತಿದ್ದಳು. ಓದಿನ ಹುಡುಗಿ, ಹಾಗೇ ಅಂದುಕೊಂಡೆ.

ಈರಣ್ಣ ನನ್ನ ಮನೆಯಲ್ಲೇ ಊಟಕ್ಕೆ ಬರುತ್ತಿದ್ದ. ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ನಾನು ಬಡಿಸುತ್ತಿದ್ದೆ, ಅವನು ತಿನ್ನುತ್ತಿದ್ದ, ನನ್ನ ಗಂಡ ಬೀಡಿ ಸೇದುತ್ತಾ ಹೊರಗೆ ನೋಡುತ್ತಿದ್ದರು. ಶಾಲೆ ಶುರುವಾಯಿತು. ದೊಡ್ಡ ಪಾತ್ರೆಯಲ್ಲಿ ಅನ್ನ ಬೇಯುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮೈ ಮುಟ್ಟಿಕೊಂಡರೆ ನನ್ನದಲ್ಲ ಅನ್ನಿಸುತ್ತಿತ್ತು.

ಮುಂದಿನ ಬೇಸಿಗೆಗೆ ನಾನು ಮನೆ ಮನೆಗೆ ಹೋಗಿ ಕಲ್ಲು ಇಳಿಸಿ, ಬೋಲ್ಟು ಹಾಕಿಸಿ ಅಂದೆ. ಶೀಟಿನ ಕೆಳಗಿನ ಸಂದಿ ಮುಚ್ಚಿ, ಗಾಳಿ ಬಂದರೆ ಮರದ ಕೆಳಗೆ ನಿಲ್ಲಬೇಡಿ, ತೊಟ್ಟಿಲನ್ನು ಶೀಟಿನ ಕೆಳಗೆ ಕಟ್ಟಬೇಡಿ ಅಂದೆ. ಕೆಲವರು ಹೂಂ ಅಂದರು. ಒಬ್ಬಳು, "ನಿಮ್ಮನೇದು ಬಿತ್ತು ಅಂತ ನಮ್ಮನೇದೂ ಬೀಳ್ತೈತಾ ಜಯಕ್ಕ?" ಅಂದಳು. ನಾನು ಏಣಿ ಹಾಕಿ ಅವಳ ಮನೆಯ ಕಲ್ಲನ್ನು ನಾನೇ ಇಳಿಸಿದೆ. ಅವಳು ಬೈದಳು, ನಾನು ಇಳಿಸುತ್ತಲೇ ಇದ್ದೆ. ಅಲ್ಲಿಂದೀಚೆಗೆ ಮಿಡಿಗೇಶಿ ಬೆಟ್ಟದ ಕಡೆ ಧೂಳು ಎದ್ದರೆ ಸಾಕು, ಓಡಿ ಹೋಗಿ ಶಾಲೆಯ ಬಾಗಿಲು ತೆಗೆದು ಗಂಟೆ ಬಾರಿಸುತ್ತೇನೆ. ಜನ ಮಕ್ಕಳು ಮರಿ, ಮೇಕೆ, ಕೋಳಿ ಎಲ್ಲ ತರುತ್ತಾರೆ. ಮೊದಲ ಸಲ ಹೆಡ್ ಮಾಸ್ಟರು ಕೂಗಾಡಿದರು. ಕೂಗಾಡಲಿ. ಮೇಕೆ ಹಿಕ್ಕೆ ಗುಡಿಸುವವಳು ನಾನು ತಾನೆ. ಈಗ ಅವರೇ ಗಾಳಿ ಸುದ್ದಿ ಬಂದರೆ ಫೋನು ಮಾಡುತ್ತಾರೆ. ಊರವರು ನನ್ನನ್ನು ಹೊಗಳುತ್ತಾರೆ. ಹೊಗಳಿದಾಗಲೂ ಏನೂ ಅನ್ನಿಸುವುದಿಲ್ಲ.

ವೇಣಿ ಓದಿ ನರ್ಸ್ ಆದಳು. ತಾವರೆಕೆರೆಯ ಹುಡುಗನನ್ನು ಮದುವೆಯಾಗಿ ಅಲ್ಲೇ ಮನೆ ಮಾಡಿಕೊಂಡಿದ್ದಾಳೆ. ಹೋದ ವಾರ ಫೋನು ಬಂತು. "ದೊಡ್ಡಮ್ಮ, ಎಂಟು ತುಂಬ್ತು. ನಮ್ಮತ್ತೆಗೆ ಮಂಡಿ ನೋವು, ಕೂರಾಕಾಗಲ್ಲ, ಏಳಾಕಾಗಲ್ಲ. ಬಾಣಂತನಕ್ಕೆ ನೀನು ಬತ್ತೀಯಾ?" ಏಳು ವರ್ಷದಲ್ಲಿ ಅವಳಾಗಿ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಬರುತ್ತೇನೆ ಅಂದೆ. ಅದಕ್ಕೇ ಶಿರಾದಲ್ಲಿ ಬಸ್ಸಿಗೆ ಕಾಯುತ್ತಿದ್ದದ್ದು.

ನಾನು ಹೋಗಿ ಕೈಕಾಲು ತೊಳೆದು ಕೂರುವಷ್ಟರಲ್ಲಿ ಅವಳ ಮೊಬೈಲು ಸೈರನ್ನಿನ ಹಾಗೆ ಕೂಗಿಕೊಂಡಿತು. ಜೋರು ಗಾಳಿ ಮಳೆಯ ಎಚ್ಚರಿಕೆ. ಅವಳು ಗಡಿಬಿಡಿ ಮಾಡಲಿಲ್ಲ. ಟೀವಿ ಆರಿಸಿದಳು, ಮೇನ್ ಸ್ವಿಚ್ಚು ಇಳಿಸಿದಳು, ಒಣಗಲು ಹಾಕಿದ ಬಟ್ಟೆ ಒಳಗೆ ತಂದಳು. ಅತ್ತೆಯನ್ನು ಕೋಣೆಯಲ್ಲಿ ಮಲಗಿಸಿ ಕಿಟಕಿ ಹಾಕಿದಳು. "ಕಿಟಕಿ ತಾವ ಕೂರಬ್ಯಾಡ ದೊಡ್ಡಮ್ಮ, ಗಾಜು ಒಡೀತೈತೆ. ಈ ಕಡೆ ಬಾ" ಅಂದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ ಚಾಪೆ ಹಾಸಿದಳು. ಅಲ್ಲಿ ಕಿಟಕಿಯಿಲ್ಲ. ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಕೂತು, ಗೋಡೆಗೆ ಒರಗಿದಳು. ನಾನು ಎದುರಿಗೆ ಕೂತೆ. ಹೊರಗೆ ಗಾಳಿ ಶುರುವಾಯಿತು.

ಎಲ್ಲಿ ಇಷ್ಟು ದಿನ ಅಡಗಿತ್ತೋ, ಬಾಯಿಗೆ ಬಂದುಬಿಟ್ಟಿತು.

"ನಿಮ್ಮವ್ವ ಅಂದಿದ್ಲು ಕಣೆ ವೇಣಿ."

"ಏನು?"

"ಸ್ಕೂಲಿಗೋಗಣ ಅಂತ. ಅವತ್ತು ನೀನು ಕೇಳ್ದಾಗ ಇಲ್ಲ ಅಂದ್ಬುಟ್ಟೆ. ಅಂದಿದ್ಲು. ಎರಡು ಸಲ ಅಂದ್ಲು. ಬೀಗದಕೈ ನನ್ನ ಸೊಂಟದಾಗೇ ಇತ್ತು. ನಾನೇ ಬಾಗ್ಲು ಹಾಕಿದ್ದು."

ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟು ಕಾಣಲಿಲ್ಲ.

"ಗೊತ್ತು. ದ್ಯಾವಮ್ಮಜ್ಜಿ ಹನ್ನೊಂದ್ನೇ ದಿನ ಬೆಳಿಗ್ಗೇನೇ ಹೇಳಿತ್ತು. ನೀನೇನಂತೀಯ ಅಂತ ಕೇಳ್ದೆ."

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಬೆನ್ನು ಸರಿಮಾಡಿಕೊಂಡಳು.

"ಕಲ್ಲಿಟ್ಟಿದ್ದಕ್ಕೆ ನಾನೇನೂ ಅನ್ಕಂಡಿಲ್ಲ ದೊಡ್ಡಮ್ಮ. ಊರಲ್ಲಿ ಯಾರಿಟ್ಟಿಲ್ಲ? ಅವ್ವನೂ ಎತ್ತಿ ಕೊಟ್ಟವ್ಳೆ. ನೀನು ಇಲ್ಲ ಅಂದ್ಯಲ್ಲ, ಅದಕ್ಕೇ ಹಾಸ್ಟ್ಲಿಗೆ ಹೋದೆ. ದಿನಾ ನಿನ್ ಮುಂದೆ ಕೂತ್ಕಂಡು ಹೆಂಗೆ ಅನ್ನ ತಿನ್ಲಿ ಅಂತ."

ಟ್ರಂಕು ಹೊತ್ತು ಬಸ್ಸಿಗೆ ಬಿಟ್ಟು ಬಂದವಳು ನಾನು. ಅಯ್ಯೋ ದೇವರೇ ಅನ್ನಿಸಿತು. ಏಳು ವರ್ಷಕ್ಕೆ ಮೊದಲ ಸಲ ಎದೆಯೊಳಗೆ ಏನೋ ನೊಂದಿತು, ನಿಜವಾಗಿ ನೊಂದಿತು. ತಾರಸಿಯ ಮೇಲೆ ಏನೋ ಉರುಳಿ ಬಿತ್ತು, ಪಕ್ಕದವರ ನೀರಿನ ಡ್ರಮ್ಮು ಇರಬೇಕು. ಅವಳು ಬೆಚ್ಚಿ ನನ್ನ ಕೈ ಹಿಡಿದುಕೊಂಡಳು, ಬಿಡಲಿಲ್ಲ.

"ದ್ಯಾವಮ್ಮಜ್ಜಿಗೆ ತೆಲುಗು ಬರಲ್ಲ," ಅಂದಳು. "ಇಸ್ಕೂಲು ಅನ್ನೋದೊಂದು ಕೇಳುಸ್ತು, ಮಿಕ್ಕಿದ್ದು ತಿಳೀಲಿಲ್ಲ ಅಂತು. ಅವತ್ತು ಮಧ್ಯಾಹ್ನ ಅವ್ವನ ಫೋನು ಬಂದೇ ಇಲ್ಲ ನಂಗೆ. ಅವಳು ಕೊನೇಗೆ ಏನಂದ್ಲು ಅಂತ ನಿಂಗೊಬ್ಳಿಗೇ ಗೊತ್ತಿರದು. ಅವ್ಳು ಹೆಂಗಂದ್ಲೋ ಅಂಗೇ ಅನ್ನು."

ನನ್ನ ತೆಲುಗು ಕೇಳಿದರೆ ಅವಳವ್ವ ನಗುತ್ತಿದ್ದಳು. ಆದರೂ ಅಂದೆ.

"ಈಡ ವದ್ದಕ್ಕಾ. ಇಸ್ಕೂಲುಕು ಪೋದಾಂ ಪಾ."

ವೇಣಿ ಕಣ್ಣು ಮುಚ್ಚಿಕೊಂಡಿದ್ದಳು.

"ಇನ್ನೊಂದ್ಸಲ," ಅಂದಳು.

ಇನ್ನೊಂದು ಸಲ ಅಂದೆ.